ಕಂಬಳಿಹುಳದ ಫೋಟೊ: ಗಿಡ, ಕಾಲು, ಆಮೇಲೆ ಹೆಸರು

ಬೆಳಗಾವಿ ಸುತ್ತ ಮುಂಗಾರು ಹಿಡಿದು ಬದುವಿನ ಗಿಡಗಳು ಚಿಗುರಿದವೆಂದರೆ ಹುಳ ಹುಡುಕಲು ಹೊರಡುತ್ತೇನೆ. ಕಣ್ಣು ಮೊದಲು ಹೋಗುವುದು ಕಡಿದ ಎಲೆಯ ಅಂಚಿಗೆ, ಕೆಳಗಿನ ಎಲೆಯ ಮೇಲೆ ಬಿದ್ದ ಹಿಕ್ಕೆಗೆ. ಹಿಕ್ಕೆ ಹಸಿಯಿದ್ದರೆ ಹುಳ ಅದರ ನೇರಕ್ಕೆ ಮೇಲೆ, ಬಹುತೇಕ ಎಲೆಯಡಿಯಲ್ಲಿ ಇರುತ್ತದೆ.

ಮೊದಲ ಫೋಟೊ ಗಿಡದ್ದು. ಎಲೆಯ ಜೋಡಣೆ, ಹೂವು ಇಲ್ಲವೇ ಕಾಯಿ ಅದರಲ್ಲಿ ಕಾಣಬೇಕು. ಹಾಗಂತ ಗಿಡ ನೋಡಿ ಹೆಸರು ಬರೆದುಬಿಡಬಾರದು. ಔಡಲದ ಮೇಲೆ ಕವಲು ಮುಳ್ಳಿನ ಹಸಿರು ಹುಳ ಸಿಕ್ಕರೆ ಅದು ಬಹುತೇಕ ಕಾಮನ್ ಕ್ಯಾಸ್ಟರ್ ಪಾತರಗಿತ್ತಿಯದು. ನುಣುಪಾದ ಮೈಯ ಉದ್ದನೆಯದು ಬೆನ್ನು ಗೂನು ಮಾಡುತ್ತ ನಡೆದರೆ ಸೆಮಿಲೂಪರ್ ಪತಂಗದ್ದು. ಬೆಳೆದು ಮುಗಿದ ಹುಳ ಕೋಶ ಕಟ್ಟಲು ಪಕ್ಕದ ಗಿಡಕ್ಕೂ ಹತ್ತುತ್ತದೆ. ಅದಕ್ಕೇ ಎಲೆ ತಿನ್ನುತ್ತಿರುವ ಫೋಟೊಗೆ ಬೆಲೆ ಹೆಚ್ಚು.

ಮೇಲಿನಿಂದ ತೆಗೆದ ಫೋಟೊ ಚೆಂದ ಕಾಣುತ್ತದೆ, ಆದರೆ ಗುರುತಿಗೆ ಪಕ್ಕದಿಂದ ತೆಗೆದದ್ದೇ ಬೇಕು. ಸಾಮಾನ್ಯ ಕಂಬಳಿಹುಳಕ್ಕೆ ಎದೆಯಲ್ಲಿ 3 ಜೋಡಿ ನಿಜವಾದ ಕಾಲು, ನಡುವೆ ಖಾಲಿ, ನಂತರ ಹೊಟ್ಟೆಯಡಿ 4 ಜೋಡಿ ಮಾಂಸಲ ಕಾಲು, ಬಾಲದಲ್ಲಿ 1 ಜೋಡಿ. ಹೊಟ್ಟೆಯಡಿ 1 ಜೋಡಿ ಮಾತ್ರವಿದ್ದು, ಗೇಣು ಹಾಕಿದಂತೆ ನಡೆದರೆ ಅದು ಲೂಪರ್. ಮೂಲಂಗಿ, ಸಾಸಿವೆ ಎಲೆಯ ಕಪ್ಪು ಹುಳಕ್ಕೆ ಎದೆಯ ಕಾಲು ಬಿಟ್ಟೇ 8 ಜೋಡಿ ಇರುತ್ತವೆ. ಅದು ಗರಗಸ ನೊಣದ ಮರಿ, ಪತಂಗದ್ದಲ್ಲ. ಎಕ್ಕಿಯ ಮೇಲಿನ ಪಾತರಗಿತ್ತಿ ಹುಳ ಪ್ಲೇನ್ ಟೈಗರ್‌ಗೆ ಬೆನ್ನ ಮೇಲೆ ಮೆತ್ತನೆಯ ಕಪ್ಪು ಎಳೆಗಳು 3 ಜೋಡಿ, ಕಣಗಿಲೆಯ ಮೇಲಿನ ಕಾಮನ್ ಕ್ರೋ ಪಾತರಗಿತ್ತಿಯ ಹುಳಕ್ಕೆ 4 ಜೋಡಿ. ಪಕ್ಕದ ಫೋಟೊ ಇದ್ದರೆ ಇವನ್ನೆಲ್ಲ ಮನೆಯಲ್ಲಿ ಕುಳಿತು ಎಣಿಸಬಹುದು.

ನನ್ನ ಕ್ಯಾಮೆರಾ ಹೊಂದಿಕೆ: 100 ಎಂಎಂ ಮ್ಯಾಕ್ರೊ (ಹತ್ತಿರದಿಂದ ತೆಗೆಯುವ) ಲೆನ್ಸ್, ಎಫ್/11 ಅಪರ್ಚರ್, 1/200 ಸೆಕೆಂಡ್ ಶಟರ್, ಐಎಸ್‌ಒ 400, ಫ್ಲ್ಯಾಶ್. ಫ್ಲ್ಯಾಶ್ ಮುಂದೆ ಬಟರ್ ಪೇಪರ್ ಕಟ್ಟದಿದ್ದರೆ ನುಣುಪು ಮೈ ಬಿಳಿಚಿ ಪಟ್ಟೆಗಳು ಅಳಿಸಿಹೋಗುತ್ತವೆ. ಕ್ಯಾಮೆರಾ ಹುಳದ ಮೈಗೆ ಸಮಾನಾಂತರವಾಗಿರಬೇಕು. ಓರೆಯಾದರೆ ತಲೆ ಸ್ಪಷ್ಟ, ಬಾಲ ಮಸುಕು. ಗಾಳಿಯಿದ್ದರೆ ಎಲೆ ಹಿಡಿಯಬೇಡಿ, ಟೊಂಗೆ ಹಿಡಿಯಿರಿ. ಉಸಿರು ತಾಗಿದರೂ ಲೂಪರ್ ನೂಲು ಬಿಟ್ಟು ಜೋತುಬೀಳುತ್ತದೆ. ಕೂದಲಿನ ಹುಳ ಮುಟ್ಟಲೇಬೇಡಿ. ಚುಚ್ಚಿದರೆ ಅಂಟುಪಟ್ಟಿ ಒತ್ತಿ ಕಿತ್ತು, ಆಮೇಲೆ ಸೋಪಿನ ನೀರಲ್ಲಿ ತೊಳೆಯಿರಿ.

ಕರಿಬೇವು, ಲಿಂಬಿಯ ಎಳೆ ಹುಳಗಳು ಬಹುತೇಕ ಹಕ್ಕಿ ಹಿಕ್ಕೆಯಂತೆಯೇ ಕಾಣುತ್ತವೆ. ಅಂಥವನ್ನು ಸಾಕಿದರೆ ಅನುಮಾನ ಹೋಗುತ್ತದೆ. ಭೀಮಗಡ ಅಭಯಾರಣ್ಯದಿಂದ ಮಾತ್ರ ಹುಳ ತರುವ ಹಾಗಿಲ್ಲ, ಹಿತ್ತಲಿನದು ಸಾಕು. ಡಬ್ಬಿಗೊಂದು ಹುಳ, ಬಾಯಿಗೆ ತೆಳು ಬಟ್ಟೆ, ತಳಕ್ಕೆ ಟಿಶ್ಯೂ. ಎಲೆ ದಿನಾ ಹೊಸದು, ನೀರು ಒರೆಸಿದ್ದು. ತೇವ ನಿಂತರೆ ಬೂಷ್ಟು ಬಂದು ಹುಳ ಸಾಯುತ್ತದೆ. ಊಟ ಬಿಟ್ಟು ಅಲುಗಾಡದೆ ಕುಳಿತಿದ್ದರೆ ಪೊರೆ ಬಿಡುವ ಹೊತ್ತು, ಆಗ ಎತ್ತಿಡಬೇಡಿ. ಬಾಲದಲ್ಲಿ ಕೊಂಬಿರುವ ಹಾಕ್‌ಮಾತ್ ಹುಳ ಬಣ್ಣ ಗಾಢವಾಗಿ ಅಡ್ಡಾಡತೊಡಗಿದರೆ ಕೋಶವಾಗಲು ಡಬ್ಬಿಗೆ 3 ಇಂಚು ಸಡಿಲ ಮಣ್ಣು ಹಾಕಿ. ಮೈಯಿಂದ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಹೊರಬಂದರೆ ಅದು ಪರಾವಲಂಬಿ ಕಣಜದ ಕೆಲಸ. ಅದನ್ನೂ ಗಿಡದ ಹೆಸರು, ತಾರೀಖಿನ ಜೊತೆ ಫೋಟೊ ತೆಗೆದಿಡಿ.