ಅಂಗೈ ಅಗಲದ ಒಲವಿಗೆ ಗೋಡೆಯಲ್ಲೊಂದು ಜಾಗ

ಒತ್ತಿ ಕೂತ ಜೋಡಿ, ಹುಡುಗಿಯ ಕೈಯಲ್ಲೊಂದು ಹೂವು, ಕೆನ್ನೆಗೆ ಆಮೇಲೆ ಬಳಿದ ಗುಲಾಬಿ ಬಣ್ಣ. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಅಚ್ಚಾದ ಪ್ರೇಮದ ಪೋಸ್ಟ್‌ಕಾರ್ಡುಗಳು ಹೆಚ್ಚುಕಮ್ಮಿ ಹೀಗೇ ಇರುತ್ತವೆ. ಸ್ವಲ್ಪ ನಾಟಕ ಜಾಸ್ತಿ, ನೋಡಿದರೆ ನಗು ಬರುತ್ತದೆ. ಆದರೂ ಕೆಳಗಿಡಲು ಮನಸ್ಸಾಗುವುದಿಲ್ಲ. ಇವನ್ನು ಕ್ಯಾನ್ವಾಸ್ ಮೇಲೆ ಮುದ್ರಿಸಿ ಗೋಡೆಗೆ ಹಾಕುವುದು ದೊಡ್ಡ ಕೆಲಸವಲ್ಲ. ಹಳೆಯ ಕಾರ್ಡು ಹಳೆಯದಾಗಿಯೇ ಕಾಣುವಂತೆ ಮಾಡುವುದರಲ್ಲಿದೆ ಕಷ್ಟ.

ಯಾರೋ ಬರೆದ ಕಾರ್ಡನ್ನೇ ಆರಿಸಿ

ಖಾಲಿ ಕಾರ್ಡಿಗಿಂತ ಯಾರೋ ಯಾರಿಗೋ ಬರೆದು ಕಳಿಸಿದ ಕಾರ್ಡು ಗೋಡೆ ಮೇಲೆ ಚೆನ್ನಾಗಿ ಕಾಣುತ್ತದೆ. ಪೋಸ್ಟ್‌ಕಾರ್ಡು ಮೊದಲು ಬಂದದ್ದು 1869ರಲ್ಲಿ, ಆಸ್ಟ್ರಿಯಾ-ಹಂಗೇರಿಯಲ್ಲಿ. ಆಮೇಲೆ ಬಹಳ ವರ್ಷ ಕಾರ್ಡಿನ ಒಂದು ಬದಿ ಬರೀ ವಿಳಾಸಕ್ಕೆ ಮೀಸಲು. ಆ ಬದಿಯನ್ನು ಎರಡು ಪಾಲು ಮಾಡಿ ಅರ್ಧದಲ್ಲಿ ಸುದ್ದಿ ಬರೆಯಲು ಬ್ರಿಟನ್ ಒಪ್ಪಿದ್ದು 1902ರಲ್ಲಿ, ಅಮೆರಿಕ 1907ರಲ್ಲಿ. ಅಲ್ಲಿಯವರೆಗೆ ಬರೆಯಬೇಕಾದ್ದನ್ನೆಲ್ಲ ಚಿತ್ರದ ಬದಿಯಲ್ಲೇ ಇರುಕಿಸಬೇಕಿತ್ತು. ಅಂಚಿನಲ್ಲಿ, ಮೂಲೆಯಲ್ಲಿ, ಖಾಲಿ ಆಕಾಶದಲ್ಲಿ, ಎಲ್ಲೆಂದರಲ್ಲಿ ಅಕ್ಷರ. ನನಗೆ ಇಂಥ ಕಾರ್ಡುಗಳೇ ಇಷ್ಟ.

ಸ್ಟಾಂಪು ಓರೆಯಾಗಿದ್ದರೆ ಅವಸರದಲ್ಲಿ ಅಂಟಿಸಿದ್ದು ಅಂದುಕೊಳ್ಳಬೇಡಿ. ಯಾವ ಕಡೆ ಓರೆಯಾದರೆ ಏನರ್ಥ ಎಂದು ತಿಳಿಸುವ ಕಾರ್ಡುಗಳೇ ಆಗ ಮಾರಾಟಕ್ಕಿದ್ದವು. ತಮಾಷೆಯೆಂದರೆ, ಒಂದು ಕಾರ್ಡಿನ ಅರ್ಥ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಎಷ್ಟು ಜಗಳ ಆಗಿರಬಹುದು ಅಲ್ವಾ!

ಸ್ಕ್ಯಾನ್ ಮಾಡುವಾಗ ಲೆಕ್ಕ ಹಾಕಿ

ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಅಂಚು ಡೊಂಕಾಗುತ್ತದೆ, ಬೆಳಕು ಒಂದೇ ಸಮ ಬೀಳುವುದಿಲ್ಲ. ಕಾರ್ಡನ್ನು ಗಾಜಿನ ಮೇಲೆ ಮಲಗಿಸುವ ಸ್ಕ್ಯಾನರ್ ಬೇಕು. ಆ ಕಾಲದ ಕಾರ್ಡಿನ ಅಳತೆ ಸುಮಾರು ಮೂರೂವರೆ ಇಂಚಿಗೆ ಐದೂವರೆ ಇಂಚು. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಪಿಕ್ಸೆಲ್‌ನಂತೆ, ಸ್ಕ್ಯಾನ್ ಮಾಡಿದರೆ 2100ಕ್ಕೆ 3300 ಪಿಕ್ಸೆಲ್ ಸಿಗುತ್ತದೆ. ಕ್ಯಾನ್ವಾಸಿಗೆ ಇಂಚಿಗೆ 150 ಪಿಕ್ಸೆಲ್ ಸಾಕು, ಸಣ್ಣ ಮಸುಕನ್ನು ಬಟ್ಟೆಯ ನೇಯ್ಗೆ ಮರೆಸುತ್ತದೆ. ಅಂದರೆ 14ಕ್ಕೆ 22 ಇಂಚಿನ ಚಿತ್ರ ಆರಾಮಾಗಿ ಬರುತ್ತದೆ. 1200 ಡಿಪಿಐ ಇಟ್ಟರೆ ಅದರ ದುಪ್ಪಟ್ಟು ಉದ್ದ, ದುಪ್ಪಟ್ಟು ಅಗಲ.

ಆದರೆ ಪಿಕ್ಸೆಲ್ ಇದೆ ಎಂದು ಸುಮ್ನೆ ದೊಡ್ಡದು ಮಾಡಬೇಡಿ. ಮೊದಲು ಭೂತಗನ್ನಡಿಯಲ್ಲಿ ಕಾರ್ಡನ್ನು ನೋಡಿ. ನಿಜವಾದ ಫೋಟೊ ಕಾಗದದ ಕಾರ್ಡಾದರೆ ಬಣ್ಣ ನುಣ್ಣಗೆ ಹರಡಿರುತ್ತದೆ. ಅಚ್ಚಿನ ಕಾರ್ಡಾದರೆ ಚುಕ್ಕಿಗಳು ಕಾಣುತ್ತವೆ. ನಾನು ಇದನ್ನು ನೋಡದೆ ಒಂದನ್ನು ನಾಲ್ಕಡಿ ಎತ್ತರಕ್ಕೆ ಮುದ್ರಿಸಿಕೊಂಡೆ. ಪ್ರೇಮಿಗಳಿಬ್ಬರಿಗೂ ದಡಾರ ಎದ್ದ ಹಾಗಿತ್ತು. ಚುಕ್ಕಿ ಇದ್ದರೆ ಸ್ಕ್ಯಾನರಿನಲ್ಲಿ ಅಚ್ಚಿನ ಚುಕ್ಕಿಗಳನ್ನು ಮರೆಸುವ ‘ಡಿಸ್ಕ್ರೀನ್’ ಆಯ್ಕೆ ಒತ್ತಿ, ಚಿತ್ರವನ್ನು ಚಿಕ್ಕದಾಗಿಯೇ ಮಾಡಿಸಿ.

ತಿದ್ದುವಾಗ ಕೈ ಬಿಗಿ ಹಿಡಿಯಿರಿ

ಧೂಳಿನ ಚುಕ್ಕೆ ತೆಗೆಯಿರಿ, ಡೊಂಕಿದ್ದರೆ ನೇರ ಮಾಡಿ. ಹಳದಿ ತುಂಬಾ ಏರಿದ್ದರೆ ತುಸು ಇಳಿಸಿ. ಅಷ್ಟೇ. ಅಂಚೆ ಮುದ್ರೆ, ಮಡಿಕೆ, ಹರಡಿದ ಮಸಿ ಇರಲಿ ಬಿಡಿ. ಅವನ್ನೆಲ್ಲ ಒರೆಸಿಬಿಟ್ಟರೆ ಉಳಿಯುವುದು ಯಾವುದೋ ಸ್ಟುಡಿಯೋದಲ್ಲಿ ಕೂತ ಇಬ್ಬರು ಅಪರಿಚಿತರು.

ಅಂಚಿನ ವಿಷಯದಲ್ಲಿ ಎಚ್ಚರ

ಹೆಚ್ಚಿನವರು ಎಡವುವುದು ಇಲ್ಲೇ. ಕ್ಯಾನ್ವಾಸನ್ನು ಮರದ ಚೌಕಟ್ಟಿನ ಸುತ್ತ ಎಳೆದು ಹಿಂದೆ ಪಿನ್ನು ಹೊಡೆಯುತ್ತಾರೆ. ಚೌಕಟ್ಟು ಒಂದೂವರೆ ಇಂಚು ದಪ್ಪ ಇದ್ದರೆ, ಚಿತ್ರದ ನಾಲ್ಕೂ ಕಡೆ ಅಷ್ಟು ಭಾಗ ಪಕ್ಕಕ್ಕೆ ಮಡಚಿಹೋಗುತ್ತದೆ. ಅಂಚಿನಲ್ಲಿದ್ದ ಆ ಮುದ್ದಾದ ಬರಹವೇ ಹೋಯಿತು! ಅದಕ್ಕೆ ಪಕ್ಕದ ಭಾಗಕ್ಕೆ ಒಂದೇ ಬಣ್ಣ ಹಾಕಿಸಿ. ಕಾರ್ಡಿನ ಕಾಗದದ ಕೆನೆ ಬಣ್ಣ ಸರಿಹೊಂದುತ್ತದೆ. ಅಳತೆಯಲ್ಲಿ 12ಕ್ಕೆ 18 ಅಥವಾ 16ಕ್ಕೆ 24 ಇಂಚು ಕಾರ್ಡಿನ ಆಕಾರಕ್ಕೆ ಹತ್ತಿರ. 16ಕ್ಕೆ 20 ಬೇಡ, ಯಾರದಾದರೂ ತಲೆಯೋ ಕಾಲೋ ಕತ್ತರಿಸಿಹೋಗುತ್ತದೆ. ಹೊಳಪಿಲ್ಲದ ವಾರ್ನಿಶ್ ಕೇಳಿ.

ತೂಗುಹಾಕುವುದು

ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿರಲಿ. ಸೋಫಾದ ಮೇಲಾದರೆ ಅದರ ಬೆನ್ನಿನಿಂದ ಆರೆಂಟು ಇಂಚು ಮೇಲೆ ಸಾಕು. ಮೂರು ನಾಲ್ಕು ಚಿತ್ರ ಒಟ್ಟಿಗೆ ಹಾಕುವುದಾದರೆ ಅದೇ ಅಳತೆಯ ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿ, ಒಂದೆರಡು ದಿನ ನೋಡಿ, ಆಮೇಲೆ ಮೊಳೆ ಹೊಡೆಯಿರಿ. ನಡುವೆ ಎರಡು ಮೂರು ಇಂಚು ಬಿಡಿ. ಎಲ್ಲವೂ ಜೋಡಿಗಳ ಚಿತ್ರವೇ ಆದರೆ ಬೇಗ ಬೇಜಾರಾಗುತ್ತದೆ. ಒಂದು ಕ್ಯಾನ್ವಾಸಿನಲ್ಲಿ ಕಾರ್ಡಿನ ಹಿಂಬದಿಯನ್ನೇ ಮುದ್ರಿಸಿ: ವಿಳಾಸ, ಸ್ಟಾಂಪು, ಮುದ್ರೆ. ಮನೆಗೆ ಬಂದವರು ಮೊದಲು ನಿಂತು ಓದುವುದು ಅದನ್ನೇ.

ನೇರ ಬಿಸಿಲು ಬೀಳುವ ಗೋಡೆ, ತೇವ ಇರುವ ಗೋಡೆ ಎರಡೂ ಬೇಡ. ಧೂಳು ಕೂತರೆ ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮೂಲ ಕಾರ್ಡನ್ನು ಮಾತ್ರ ಗೋಡೆಗೆ ಹಾಕಬೇಡಿ. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು, ಬೆಳಕು ತಾಗದ ಪೆಟ್ಟಿಗೆಗೆ ಸೇರಿಸಿ.