ಮನೆಮಂದಿಗೆಲ್ಲ ಹೊಟ್ಟೆ ಕೆಟ್ಟಾಗ ಅವಳಿ ಕೂಸುಗಳನ್ನು ನೋಡಿಕೊಂಡ ಬಗೆ

ಚಿಕ್ಕ ಮಕ್ಕಳಿರುವ ಮನೆಗೆ ವಾಂತಿಭೇದಿ ಕಾಲಿಟ್ಟರೆ ಒಬ್ಬರಲ್ಲೇ ಮುಗಿಯುವುದು ಅಪರೂಪ. ನಮ್ಮಲ್ಲಿ ಮೊದಲು ಮಲಗಿದ್ದು ನಾಲ್ಕು ವರ್ಷದ ಮಗಳು. ಅವಳ ಹಿಂದೆ ಎಂಟು ತಿಂಗಳ ಅವಳಿ ಗಂಡುಮಕ್ಕಳು, ಆಮೇಲೆ ನನ್ನ ಗಂಡ, ಕೊನೆಗೆ ನಾನು. ಅತ್ತೆ ಒಬ್ಬರು ಹೇಗೋ ಬಚಾವಾದರು. ಕೂಸುಗಳಿಗೆ ಜೋರು ಭೇದಿ ತರುವ ರೋಟಾವೈರಸ್‌ಗೆ ಅವಳಿಗಳಿಗೆ ಲಸಿಕೆ ಆಗಿತ್ತು. ದೊಡ್ಡವರನ್ನೂ ಬಿಡದೆ ಇಷ್ಟು ಬೇಗ ಹಬ್ಬಿದ್ದು ನೋಡಿ ಮಕ್ಕಳ ಡಾಕ್ಟರು ನೋರೊವೈರಸ್ ಇರಬಹುದು ಎಂದರು. ಅದು ಮೈ ಸೇರಿದ 12ರಿಂದ 48 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಪರೀಕ್ಷೆ ಮಾಡಿಸಲಿಲ್ಲ. ಯಾವ ವೈರಸ್ ಆದರೂ ಮನೆಯಲ್ಲಿ ಮಾಡುವ ಕೆಲಸ ಒಂದೇ.

ಆ ಕೆಲಸ ಏನು ಅನ್ನುವುದು ಗೊತ್ತಾದ ಮೇಲೆ ಅರ್ಧ ಭಯ ಹೋಯಿತು. ವಾಂತಿ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ, ಭೇದಿ ಕಟ್ಟಿಸಲು ಹೋಗಲೂಬಾರದು. ಮೈಯಿಂದ ಹೋದ ನೀರು, ಉಪ್ಪನ್ನು ವಾಪಸ್ ಸೇರಿಸುತ್ತಾ ಇರಬೇಕು, ಅಷ್ಟೇ. ನೋರೊ ಆದರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನಕ್ಕೆ ತಾನಾಗಿಯೇ ಇಳಿಯುತ್ತದೆ. ದೊಡ್ಡವರು ನುಂಗುವ ಭೇದಿ ಮಾತ್ರೆಯನ್ನು ಪುಟ್ಟ ಮಕ್ಕಳಿಗೆ ಕೊಡುವಂತಿಲ್ಲ. ಆಂಟಿಬಯೋಟಿಕ್‌ಗೆ ವೈರಸ್ ಜಗ್ಗುವುದಿಲ್ಲ. ಇಷ್ಟು ತಿಳಿದಿದ್ದರೆ ಔಷಧಿ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ.

ಮೊದಲು ಒಂದು ನಿಯಮ ಮಾಡಿಕೊಂಡೆವು. ಕುಡಿಸುವ ಕೈ ಬೇರೆ, ತೊಳೆಯುವ ಕೈ ಬೇರೆ. ಅಡುಗೆಮನೆ, ಹಾಲು, ಚಮಚ, ಓಆರ್‌ಎಸ್ (ಉಪ್ಪು ಸಕ್ಕರೆಯ ಪುಡಿ ಕಲಸಿದ ನೀರು) ಎಲ್ಲಾ ಅತ್ತೆಯ ಪಾಲಿಗೆ. ಡಯಾಪರ್, ವಾಂತಿ, ಬಟ್ಟೆ, ಬಚ್ಚಲು ನನ್ನ ಗಂಡನ ಪಾಲಿಗೆ. ನಾನು ಎದೆಹಾಲು ಕೊಡುವವಳು, ಹಾಗಾಗಿ ಮಕ್ಕಳ ಹತ್ತಿರವೇ ಇದ್ದೆ, ಆದರೆ ಡಯಾಪರ್ ಮುಟ್ಟಲಿಲ್ಲ. ಗಂಡನಿಗೂ ವಾಂತಿ ಶುರುವಾದ ಮೇಲೂ ಈ ಏರ್ಪಾಡನ್ನು ಬದಲಾಯಿಸಲಿಲ್ಲ. ಹೇಗೂ ಅವರಿಗೆ ತಗುಲಿಯಾಗಿದೆ, ಇನ್ನು ಹೊಸದಾಗಿ ತಗುಲುವುದೇನಿದೆ? ಕೇಳಲು ಕಟುಕತನ ಅನ್ನಿಸಬಹುದು. ಆದರೆ ಅತ್ತೆಯ ಆರೋಗ್ಯ ಉಳಿದದ್ದು ಇದರಿಂದಲೇ ಅಂತ ನನ್ನ ನಂಬಿಕೆ. ಇಡೀ ಮನೆಯಲ್ಲಿ ನೆಟ್ಟಗೆ ನಿಲ್ಲುವ ಒಬ್ಬರಾದರೂ ಬೇಕಲ್ವಾ?

ಓಆರ್‌ಎಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಪಾಕೀಟಿನ ಮೇಲೆ ಎಷ್ಟು ನೀರು ಅಂತ ಬರೆದಿರುತ್ತದೋ ಅಷ್ಟೇ ನೀರು ಹಾಕಬೇಕು. ಒಂದು ಲೀಟರ್ ಪಾಕೀಟನ್ನು ಅಂದಾಜಿನಲ್ಲಿ ಅರ್ಧರ್ಧ ಮಾಡಿ ಕಲಸುವುದು, ರುಚಿಗೆ ಅಂತ ಸಕ್ಕರೆ ಬೆರೆಸುವುದು, ಎರಡೂ ಬೇಡ. ಕರುಳು ಉಪ್ಪನ್ನು ಸಕ್ಕರೆಯ ಜೊತೆ ಸೇರಿಸಿ ಒಳಗೆ ಎಳೆದುಕೊಳ್ಳುತ್ತದೆ, ನೀರು ಅದರ ಹಿಂದೆಯೇ ಬರುತ್ತದೆ. ಭೇದಿ ಆಗುತ್ತಿರುವಾಗಲೂ ಈ ದಾರಿ ತೆರೆದೇ ಇರುತ್ತದೆ. ಸಕ್ಕರೆ ಅತಿಯಾದರೆ ಮಾತ್ರ ಉಲ್ಟಾ ಆಗುತ್ತದೆ, ಕರುಳಿಗೇ ನೀರು ಇಳಿದು ಭೇದಿ ಹೆಚ್ಚುತ್ತದೆ. ಜ್ಯೂಸ್, ಸೋಡಾ ಬೇಡ ಅನ್ನುವುದು ಇದಕ್ಕೇ. ಬರೀ ನೀರನ್ನೇ ಕುಡಿಸುತ್ತಿದ್ದರೆ ಮೈಯಲ್ಲಿ ಉಪ್ಪು ಕಡಿಮೆಯಾಗುತ್ತದೆ, ಕೂಸುಗಳಿಗೆ ಅದು ಅಪಾಯ. ಕಲಸಿದ್ದು 24 ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಬೇಕು. ನಾವು ಜಗ್ಗಿನ ಮೇಲೆ ಕಲಸಿದ ಹೊತ್ತನ್ನು ಟೇಪ್ ಅಂಟಿಸಿ ಬರೆಯುತ್ತಿದ್ದೆವು.

ಪುಡಿ ಕಲಸಿದ ನೀರಿಗೆ ಅಷ್ಟು ಶಕ್ತಿ ಇದೆಯಾ ಅಂತ ಅನುಮಾನಪಟ್ಟ ಗಂಡನಿಗೆ ಡಾಕ್ಟರು ಹೇಳಿದ ಕಥೆ ಇದು. 1971ರ ಬಾಂಗ್ಲಾದೇಶ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಸಾಲದೆ ಹೋದವು. ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆಯ ದ್ರಾವಣವನ್ನು ಡ್ರಮ್‌ಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ರೋಗಿಗಳ ಮನೆಯವರೇ. ಶೇಕಡಾ 30ರ ಹತ್ತಿರ ಇದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗೆ ಬಂತು. ಆಮೇಲೆ ಗಂಡ ತುಟಿ ಎರಡು ಮಾಡಲಿಲ್ಲ.

ಈಗ ಕುಡಿಸುವ ವಿಷಯ. ವಾಂತಿ ಆದ ಕೂಡಲೇ ಮಗು ಬಾಯಾರಿ ಬಾಟಲಿಗೆ ಕೈ ಚಾಚುತ್ತದೆ. ಗಟಗಟ ಕುಡಿಸಿದರೆ ಅಷ್ಟೂ ಹೊರಗೆ ಬರುತ್ತದೆ. ಅದಕ್ಕೆ ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡುತ್ತಿದ್ದೆವು. ಆಮೇಲೆ ಸೂಜಿಯಿಲ್ಲದ 5 ಎಂಎಲ್ ಸಿರಿಂಜಿನಲ್ಲಿ ಓಆರ್‌ಎಸ್. ಮಗುವನ್ನು ತೊಡೆಯ ಮೇಲೆ ಸ್ವಲ್ಪ ಎತ್ತರಿಸಿ ಕೂರಿಸಿ, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ತಾಗಿಸಿ ನಿಧಾನಕ್ಕೆ ಒತ್ತಬೇಕು. ಗಂಟಲಿನ ಕಡೆಗೆ ನೇರ ಬಿಟ್ಟರೆ ಕೆಮ್ಮುತ್ತದೆ. ನುಂಗಿದ್ದು ನೋಡಿಕೊಂಡು ಒಂದೆರಡು ನಿಮಿಷ ತಡೆದು ಇನ್ನೊಮ್ಮೆ. ಅವಳಿಗಳಾದ್ದರಿಂದ ಅತ್ತೆ ಎಡಗಡೆ ಒಬ್ಬನನ್ನು, ಬಲಗಡೆ ಇನ್ನೊಬ್ಬನನ್ನು ದಿಂಬಿಗೆ ಒರಗಿಸಿಕೊಂಡು, ಇವನಿಗೊಂದು ಅವನಿಗೊಂದು ಅಂತ ಕೊಡುತ್ತಿದ್ದರು. ಸಿರಿಂಜುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದೆವು. ಬೇಸರದ ಕೆಲಸ, ನಿಜ. ಆದರೆ ಎರಡು ನಿಮಿಷಕ್ಕೊಮ್ಮೆ 5 ಎಂಎಲ್ ಅಂದರೆ ಗಂಟೆಗೆ 150 ಎಂಎಲ್ ಆಗುತ್ತದೆ. ನಡುವೆ ಒಮ್ಮೆ ವಾಂತಿ ಆದರೂ ಸುಮಾರಷ್ಟು ಒಳಗೆ ಉಳಿದಿರುತ್ತದೆ.

ವಾಂತಿ ತಗ್ಗಿದ ಮೇಲೆ ಲೆಕ್ಕ ಬದಲಾಯಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರತಿ ಭೇದಿಗೆ 50ರಿಂದ 100 ಎಂಎಲ್ ಓಆರ್‌ಎಸ್, ಅದಕ್ಕಿಂತ ದೊಡ್ಡವರಿಗೆ 100ರಿಂದ 200. ಎದೆಹಾಲನ್ನು ಒಂದು ಹೊತ್ತೂ ನಿಲ್ಲಿಸಲಿಲ್ಲ, ನನಗೇ ವಾಂತಿ ಆಗುತ್ತಿದ್ದಾಗಲೂ. ಸೋಪಿನಿಂದ ಕೈ ಉಜ್ಜಿ ತೊಳೆದು ಕೂರುತ್ತಿದ್ದೆ. ‘ಹೊಟ್ಟೆ ಕೆಟ್ಟಿದೆ, ಹಾಲು ಕೊಡಬೇಡ’ ಅಂತ ಫೋನಿನಲ್ಲಿ ಬುದ್ಧಿ ಹೇಳಿದವರು ಬೇಕಾದಷ್ಟು ಜನ. ಎಲ್ಲರಿಗೂ ಹೂಂ ಅಂದೆ.

ಮೈಯಲ್ಲಿ ನೀರು ಸಾಕಷ್ಟಿದೆಯಾ ಅಂತ ತಿಳಿಯುವುದು ಮೂತ್ರದಿಂದ. ನಮ್ಮನ್ನು ತಬ್ಬಿಬ್ಬು ಮಾಡಿದ್ದು ಆ ಮೂತ್ರದ ಲೆಕ್ಕವೇ. ಭೇದಿ ನೀರಿನಂತಿದ್ದರೆ ಡಯಾಪರ್ ಒದ್ದೆಯಾಗಿದ್ದು ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ ಡಯಾಪರಿನ ಮುಂಭಾಗದಲ್ಲಿ ಒಂದು ತುಂಡು ಹತ್ತಿ ಇಟ್ಟೆವು. ಹತ್ತಿ ತಿಳಿ ಹಳದಿಯಾಗಿ ನೆನೆದಿದ್ದರೆ ಮೂತ್ರ. ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ ಇಬ್ಬರ ಹೆಸರಿನ ಕೆಳಗೆ ವಾಂತಿ, ಭೇದಿ, ಮೂತ್ರ, ಕುಡಿದದ್ದು, ಹೊತ್ತು ಎಲ್ಲಾ ಬರೆದೆವು. ನಿದ್ದೆಗೆಟ್ಟ ತಲೆಗೆ ಯಾವ ಮಗು ಯಾವಾಗ ಒದ್ದೆ ಮಾಡಿತು ಅನ್ನುವುದು ನೆನಪಿರುವುದಿಲ್ಲ. ಚಿಕ್ಕವನ ಹೆಸರಿನ ಮುಂದೆ ಆರು ಗಂಟೆ ಮೂತ್ರದ ಗುರುತೇ ಇಲ್ಲ ಅಂತ ಕಂಡದ್ದು ಆ ಹಾಳೆಯಿಂದಲೇ. ಅವನ ನಾಲಿಗೆ ಒಣಗಿತ್ತು, ಅಳುವಾಗ ಕಣ್ಣೀರು ಬರುತ್ತಿರಲಿಲ್ಲ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲೂ ಕೊಟ್ಟದ್ದು ಓಆರ್‌ಎಸ್ಸೇ. ತೂಕ ನೋಡಿ, ಕೆಜಿಗೆ 75 ಎಂಎಲ್‌ನಂತೆ ನಾಲ್ಕು ಗಂಟೆಯಲ್ಲಿ, ನರ್ಸ್ ಕಣ್ಣೆದುರು ಕುಡಿಸಿದೆವು. ಸಂಜೆಗೆ ಹತ್ತಿ ನೆನೆಯಿತು, ಮನೆಗೆ ಕಳಿಸಿದರು.

ನೆತ್ತಿ ಕುಳಿ ಬೀಳುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಹಸಿರು ವಾಂತಿ, ಭೇದಿಯಲ್ಲಿ ರಕ್ತ. ಇವುಗಳಲ್ಲಿ ಒಂದು ಕಂಡರೂ ಹಾಳೆ, ಲೆಕ್ಕ ಅಂತ ಕೂರಬಾರದು, ಹೊರಟುಬಿಡಬೇಕು. ಮೂರು ತಿಂಗಳೊಳಗಿನ ಕೂಸಾದರೆ ಮೊದಲ ವಾಂತಿಭೇದಿಗೇ ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ಶುಚಿಯ ವಿಷಯದಲ್ಲಿ ಒಂದೇ ಮಾತು. ನೋರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ನೆಲ, ನಲ್ಲಿ, ಬಾಗಿಲ ಹಿಡಿಗೆ ಬ್ಲೀಚ್ ಬಳಸಿದೆವು. 5 ಪರ್ಸೆಂಟ್ ಬ್ಲೀಚ್ ಒಂದು ಪಾಲಿಗೆ 49 ಪಾಲು ನೀರು. ಮೊದಲು ಗಲೀಜು ಒರೆಸಿ ತೆಗೆದು, ಆಮೇಲೆ ಇದನ್ನು ಹಚ್ಚಿ ಐದು ನಿಮಿಷ ಬಿಡಬೇಕು. ಬೇರೆ ಕ್ಲೀನರ್ ಜೊತೆ ಬೆರೆಸಲೇಬಾರದು, ವಿಷಗಾಳಿ ಬರುತ್ತದೆ. ಆಟಿಕೆಗಳನ್ನು ಆಮೇಲೆ ಚೆನ್ನಾಗಿ ತೊಳೆಯಬೇಕು, ಎಲ್ಲವೂ ಬಾಯಿಗೇ ಹೋಗುವುದು ತಾನೇ.

ಚೇತರಿಕೆ ಒಂದೇ ಸಮನೆ ಆಗಲಿಲ್ಲ. ದೊಡ್ಡವಳು ಎದ್ದು ಊಟ ಕೇಳಿದ ದಿನವೇ ಹಾಕಿದೆವು. ಹಸಿವಾದಾಗ ಎಂದಿನ ಊಟ ಕೊಡಿ, ಪಥ್ಯ ಅಂತ ಉಪವಾಸ ಕೆಡವಬೇಡಿ ಎಂದಿದ್ದರು ಡಾಕ್ಟರು. ಅವಳಿಗಳ ಭೇದಿ ಮಾತ್ರ ವಾಂತಿ ನಿಂತ ಮೇಲೂ ತಿಳಿಯಾಗಿಯೇ ಎಳೆಯಿತು. ಅವರಿಬ್ಬರಿಗೂ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಬರೆದಿದ್ದರು, ಆರು ತಿಂಗಳೊಳಗಿನವರಿಗೆ ಇದು 10. ಭೇದಿ ನಿಂತರೂ 10ರಿಂದ 14 ದಿನ ಪೂರ್ತಿ ಕೊಡಬೇಕು. ಮಗಳನ್ನು ಶಾಲೆಗೆ ಕಳಿಸಿದ್ದು ಕೊನೆಯ ವಾಂತಿಭೇದಿ ಆಗಿ 48 ಗಂಟೆ ಕಳೆದ ಮೇಲೆ. ಗುಣವಾದವರ ಮಲದಲ್ಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ವೈರಸ್ ಇರುತ್ತದೆ. ಹಾಗಾಗಿ ಎಲ್ಲರೂ ಎದ್ದು ಓಡಾಡತೊಡಗಿದ ಮೇಲೂ ಗಂಡನಿಗೆ ಡಯಾಪರ್ ಕೆಲಸದಿಂದ ಬಿಡುಗಡೆ ಸಿಗಲಿಲ್ಲ.