ವೈರಸ್ ಹೊಡೆತಕ್ಕೆ ಮಲಗಿದ ವಿಂಡೋಸ್ ಎಬ್ಬಿಸುವುದು ಹೇಗೆ?

ಪವರ್ ಬಟನ್ ಒತ್ತುತ್ತೀರಿ. ಲೋಗೋ ಬರುತ್ತದೆ, ಚುಕ್ಕಿಗಳು ಗಿರಗಿರ ತಿರುಗುತ್ತವೆ, ಆಮೇಲೆ ನೀಲಿ ಪರದೆ. ಮತ್ತೆ ಲೋಗೋ, ಮತ್ತೆ ಚುಕ್ಕಿ. ನಿನ್ನೆ ತಾನೇ ಆಂಟಿವೈರಸ್ ನಾಲ್ಕೈದು ವೈರಸ್ ಹಿಡಿದು ಅಳಿಸಿತ್ತು, ಇವತ್ತು ವಿಂಡೋಸೇ ಏಳುತ್ತಿಲ್ಲ. ಕೆಲವು ವೈರಸ್‌ಗಳು ವಿಂಡೋಸಿನ ಸ್ವಂತ ಫೈಲ್‌ಗಳ ಒಳಗೇ ಸೇರಿಕೊಳ್ಳುತ್ತವೆ. ವೈರಸ್ ಜೊತೆ ಆ ಫೈಲೂ ಹೋದರೆ ಸಿಸ್ಟಂ ಶುರುವಾಗೋದು ಹೇಗೆ, ಅಲ್ವಾ?

ಯಾರನ್ನು ಕೇಳಿದರೂ ಒಂದೇ ಮಾತು: ‘ಫಾರ್ಮ್ಯಾಟ್ ಮಾಡಿಬಿಡಿ.’ ಸ್ವಲ್ಪ ತಡೆಯಿರಿ. ವಿಂಡೋಸ್ ಏಳದಿದ್ದರೂ ನಿಮ್ಮ ಫೋಟೊ, ದಾಖಲೆಗಳು ಸಾಮಾನ್ಯವಾಗಿ ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಆಗಿದ್ದರೆ ಮಾತ್ರ ಕತೆ ಬೇರೆ.

ಮೊದಲು ರಿಕವರಿ ಪರದೆಗೆ ಹೋಗಬೇಕು. ವಿಂಡೋಸ್ 10 ಮತ್ತು 11ರಲ್ಲಿ ಲೋಗೋ ಕಂಡ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ನಂತರ ಅಡ್ವಾನ್ಸ್ಡ್ ಆಪ್ಷನ್ಸ್ ಒತ್ತಿ. ಬರಲಿಲ್ಲವೇ? ವೈರಸ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ತಯಾರಿಸಿ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕೆಟ್ಟ ಕಂಪ್ಯೂಟರನ್ನು ಅದರಿಂದ ಬೂಟ್ ಮಾಡಿ (ಅಂದರೆ ಶುರು ಮಾಡಿ), ಇನ್‌ಸ್ಟಾಲ್ ಬಿಟ್ಟು ರಿಪೇರಿ ಎಂದಿರುವುದನ್ನೇ ಆರಿಸಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ನೋಡಿ, ಅಲ್ಲಿ ಸೇವ್ ಆಗಿದ್ದರೆ ಸಿಗುತ್ತದೆ.

ಇಲ್ಲಿಗೆ ಬಂದವರು ಕೂಡಲೇ ರಿಪೇರಿ ಶುರು ಮಾಡುತ್ತಾರೆ. ನಾನೂ ಒಮ್ಮೆ ಹಾಗೇ ಮಾಡಿ ಎರಡು ವರ್ಷದ ಫೋಟೊ ಕಳಕೊಂಡೆ. ಮೊದಲು ಫೈಲ್ ಹೊರಗೆ ತೆಗೆಯಿರಿ. ಅದಕ್ಕೆ ನೋಟ್‌ಪ್ಯಾಡ್ ಸಾಕು!

ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿದರೆ ಒಂದು ಪುಟ್ಟ ಕಿಟಕಿ ಬರುತ್ತದೆ. ಕೆಳಗೆ ‘ಆಲ್ ಫೈಲ್ಸ್’ ಆರಿಸಿ, ಇಲ್ಲದಿದ್ದರೆ ಫೋಟೊಗಳು ಕಾಣುವುದಿಲ್ಲ. ಈಗ ನಿಮ್ಮ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ. ಇನ್ನೊಂದು ಪೆನ್‌ಡ್ರೈವಿಗೆ ಹೋಗಿ ಪೇಸ್ಟ್. ಇಲ್ಲಿ ಸಿ ಡ್ರೈವ್ ಡಿ ಆಗಿ ಕಾಣಿಸಬಹುದು, ಗಾಬರಿ ಬೇಡ. ಕಾಪಿ ಎಷ್ಟಾಯಿತು ಅಂತ ತೋರಿಸುವುದಿಲ್ಲ, ಕಿಟಕಿ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ. ಸುಮ್ನೆ ಕಾಯಿರಿ. ಪ್ರೋಗ್ರಾಂ ಫೈಲ್‌ಗಳನ್ನು ಮಾತ್ರ ಕಾಪಿ ಮಾಡಬೇಡಿ, ವೈರಸ್ ಜಾಸ್ತಿ ಅಡಗುವುದು ಅವುಗಳಲ್ಲೇ.

ಇನ್ನು ರಿಪೇರಿ. ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಸ್ಟಾರ್ಟಪ್ ರಿಪೇರಿ ಒತ್ತಿ ನೋಡಿ. ಆಗದಿದ್ದರೆ ಸಿಸ್ಟಂ ರಿಸ್ಟೋರ್‌ನಲ್ಲಿ ವೈರಸ್ ಬರುವ ಮೊದಲಿನ ದಿನಾಂಕ ಆರಿಸಿ. ಹಳೆಯ ರಿಸ್ಟೋರ್ ಪಾಯಿಂಟ್ (ಅಂದಿನ ಸ್ಥಿತಿಯ ಉಳಿಸಿಟ್ಟ ಪ್ರತಿ) ಇದ್ದರೆ ನಿಮ್ಮ ಅದೃಷ್ಟ.

ಒಂದು ವಿಚಿತ್ರ ರೋಗವಿದೆ. ಪಾಸ್‌ವರ್ಡ್ ಕೊಟ್ಟ ತಕ್ಷಣ ವಿಂಡೋಸ್ ನಿಮ್ಮನ್ನು ಒಳಗೆ ಬಿಟ್ಟು, ಮರುಕ್ಷಣ ಲಾಗಾಫ್ ಮಾಡಿ ಹೊರಗೆ ದಬ್ಬುತ್ತದೆ. ಯೂಸರ್‌ಇನಿಟ್ ಎಂಬ ಫೈಲ್ ಕಾಣೆಯಾಗಿದ್ದರೆ ಅಥವಾ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಅದರ ದಾರಿಯನ್ನು ವೈರಸ್ ಬದಲಿಸಿದ್ದರೆ ಹೀಗಾಗುತ್ತದೆ. ಕಾಣೆಯಾದ ಇಂಥ ಫೈಲ್‌ಗಳನ್ನು ವಾಪಸ್ ತರಲು ಎಸ್‌ಎಫ್‌ಸಿ (ಸಿಸ್ಟಂ ಫೈಲ್ ಚೆಕರ್) ಕಮಾಂಡ್ ಇದೆ. ರಿಕವರಿಯಿಂದ ಓಡಿಸುವಾಗ ಬರೀ ಸ್ಕ್ಯಾನ್‌ನೌ ಅಂದರೆ ಸಾಲದು. ಆಫ್‌ಬೂಟ್‌ಡಿರ್, ಆಫ್‌ವಿನ್‌ಡಿರ್ ಎಂಬ ಎರಡನ್ನೂ ಸೇರಿಸಿ, ವಿಂಡೋಸ್ ಯಾವ ಡ್ರೈವಿನಲ್ಲಿದೆ ಅಂತ ಹೇಳಬೇಕು.

ವಿಂಡೋಸ್ ಎದ್ದಿತೇ? ವೈರಸ್ ಇನ್ನೂ ಒಳಗೇ ಇರಬಹುದು. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಹಾಗಾಗಿ ವೈರಸ್‌ಗೆ ಅಡಗಿಕೊಳ್ಳುವುದು ಕಷ್ಟ. ಸುಮಾರು 15 ನಿಮಿಷ ಬೇಕು. ಅಷ್ಟರಲ್ಲಿ ಬೇರೆ ಸಾಧನದಿಂದ ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿಕೊಳ್ಳಿ.

ಯಾವುದೂ ಕೈಹಿಡಿಯದಿದ್ದರೆ, ಟ್ರಬಲ್‌ಶೂಟ್‌ನಲ್ಲಿರುವ ರಿಸೆಟ್ ದಿಸ್ ಪಿಸಿ, ಅಂದರೆ ವಿಂಡೋಸನ್ನು ಹೊಸದಾಗಿ ಹಾಕುವುದು. ಫೈಲ್ ಉಳಿಸಿಕೊಳ್ಳುವ ಆಯ್ಕೆ ಅದರಲ್ಲಿದೆ, ಆದರೆ ವೈರಸ್ ಹೊಕ್ಕ ಸಿಸ್ಟಂನಲ್ಲಿ ನಾನು ಎಲ್ಲ ಅಳಿಸುವುದನ್ನೇ ಆರಿಸುತ್ತೇನೆ. ಫೈಲ್‌ಗಳು ಹೇಗೂ ಪೆನ್‌ಡ್ರೈವಿನಲ್ಲಿವೆ. ಅದನ್ನು ಚುಚ್ಚಿದ ಮೇಲೆ, ಒಂದೂ ಫೈಲ್ ತೆರೆಯದೆ, ಮೊದಲು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಒತ್ತಿ.